ಹುಲ್ಲು ಕತ್ತರಿಸುವ ಯಂತ್ರದ ಇಂಜಿನ್‌ನಲ್ಲಿ ಇಲಿ ಗೂಡು: ಈಗ ಚಾಲೂ ಮಾಡಬಹುದೇ?

ಪ್ರಶ್ನೆ: ನಮಸ್ಕಾರ. ಪುಣೆಯ ಕೋಥರೂಡಿನಲ್ಲಿರುವ ನಮ್ಮ ಸೊಸೈಟಿಯ ತೋಟದ ಉಸ್ತುವಾರಿ ನನ್ನದು. ದೀಪಾವಳಿ ಕಳೆದ ಮೇಲೆ ಪಂಪ್ ರೂಮಿನಲ್ಲಿಟ್ಟಿದ್ದ ಪೆಟ್ರೋಲ್ ಯಂತ್ರವನ್ನು ಮಳೆ ಹಿಡಿದ ಮೇಲೆ ಹೊರತೆಗೆದೆವು. ಹತ್ತು ನಿಮಿಷ ಓಡಿ, ಕಮಟು ವಾಸನೆ ಬಂದು ನಿಂತುಬಿಟ್ಟಿತು. ಏರ್ ಫಿಲ್ಟರ್ ಡಬ್ಬಿ ತೆರೆದರೆ ಗೋಣಿಯ ನಾರು, ಒಣಹುಲ್ಲು, ಕಾಗದದ ಚೂರು. ಅದನ್ನೆಲ್ಲ ತೆಗೆದಿದ್ದೇವೆ. ಇನ್ನು ಚಾಲೂ ಮಾಡಬಹುದೇ, ಸರ್?

ಉತ್ತರ: ನಮಸ್ಕಾರ. ದಯವಿಟ್ಟು ಇನ್ನೊಮ್ಮೆ ಹಗ್ಗ ಎಳೆಯಬೇಡಿ. ಹಡಪಸರದ ನನ್ನ ವರ್ಕ್‌ಶಾಪಿಗೆ ಜೂನ್ ತಿಂಗಳಲ್ಲಿ ಇಂಥ ಯಂತ್ರಗಳು ಬರುತ್ತವೆ. ಫಿಲ್ಟರ್ ಡಬ್ಬಿಯಲ್ಲಿ ಕಂಡದ್ದು ಸಾಮಾನ್ಯವಾಗಿ ಗೂಡಿನ ಒಂದು ಭಾಗ ಮಾತ್ರ. ಈ ಇಂಜಿನ್‌ಗೆ ರೇಡಿಯೇಟರ್ ಇಲ್ಲ. ಹಗ್ಗದ ಸ್ಟಾರ್ಟರ್ ಕೆಳಗಿರುವ ಫ್ಲೈವೀಲ್ ಎಂಬ ಭಾರದ ಚಕ್ರದ ರೆಕ್ಕೆಗಳು ಗಾಳಿಯನ್ನು ಎಳೆದು, ಸಿಲಿಂಡರ್ ಸುತ್ತಲಿನ ಫಿನ್‌ಗಳ, ಅಂದರೆ ಲೋಹದ ತೆಳು ಪಟ್ಟಿಗಳ ನಡುವೆ ಹಾಯಿಸಿ, ಶಾಖವನ್ನು ಹೊರಹಾಕುತ್ತವೆ. ಮೇಲಿನ ಕವಚಕ್ಕೂ ಆ ಫಿನ್‌ಗಳಿಗೂ ನಡುವಿನ ಕತ್ತಲ ಸಂದಿಯೇ ಇಲಿಗೆ ಬಲು ಇಷ್ಟವಾದ ಜಾಗ. ಅಲ್ಲಿ ಗೂಡು ಉಳಿದರೆ ಇಂಜಿನ್ ವಿಪರೀತ ಕಾದು ಹೆಡ್ ಗ್ಯಾಸ್ಕೆಟ್ (ಸಿಲಿಂಡರಿನ ತಲೆಭಾಗದ ಸೀಲು) ಸುಡಬಹುದು, ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಳ್ಳಬಹುದು; ಸೈಲೆನ್ಸರ್ ಪಕ್ಕದ ಒಣಹುಲ್ಲಿಗೆ ಬೆಂಕಿಯೂ ಹತ್ತಬಹುದು.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತು ದೂರ ಸರಿಸಿ. ಹಾಗೆ ಕ್ಯಾಪ್ ತೆಗೆಯದೆ ಬ್ಲೇಡಿನ ಹತ್ತಿರ ಕೈ ಹಾಕಲೇಬಾರದು. ಬಳಿಕ ಸ್ಟಾರ್ಟರ್ ಮತ್ತು ಕವಚದ ಬೋಲ್ಟುಗಳನ್ನು ಬಿಚ್ಚಿ ನೋಡಿ. ಕಿಡಿಗೆ ವಿದ್ಯುತ್ ಒದಗಿಸುವ ಇಗ್ನಿಷನ್ ಕಾಯಿಲ್‌ನಿಂದ ಹೊರಡುವ ತೆಳುವಾದ ತಂತಿಯನ್ನು ಬೆರಳಿನಿಂದ ಸವರುತ್ತಾ ಪರೀಕ್ಷಿಸಿ: ಇಂಜಿನ್ ನಿಲ್ಲಿಸುವ ತಂತಿ ಅದು. ಇಲಿ ಅದರ ಹೊದಿಕೆ ಕಡಿದು ತಾಮ್ರ ಬಾಡಿಗೆ ತಾಗಿದರೆ ಕಿಡಿಯೇ ಬರುವುದಿಲ್ಲ. ತಂತಿಯೇ ತುಂಡಾಗಿದ್ದರೆ ಚಾಲೂ ಆದ ಇಂಜಿನ್ ಸ್ವಿಚ್ಚಿಗೆ ನಿಲ್ಲುವುದಿಲ್ಲ. ಎರಡನೆಯದು ಹೆಚ್ಚು ಅಪಾಯ.

ಪ್ರಶ್ನೆ: ಕವಚ ತೆಗೆದೆವು. ನೀವು ಹೇಳಿದ ಜಾಗದಲ್ಲೇ ಮುಷ್ಟಿಯಷ್ಟು ಗೂಡಿದೆ, ಹಿಕ್ಕೆಯೂ ಇದೆ, ಇಲಿ ಇಲ್ಲ. ಕಂಪ್ರೆಸರ್ ಗಾಳಿಯಿಂದ ಊದಿಬಿಡಲೇ?

ಉತ್ತರ: ಬೇಡ. ಒಣಗಿದ ಹಿಕ್ಕೆ, ಮೂತ್ರದ ಧೂಳು ಉಸಿರಿನೊಳಗೆ ಹೋಗಬಾರದು. ಮುಂಬೈ, ಪುಣೆ, ಗೋವಾ ಕಡೆ ಮಳೆಗಾಲ ಬಂತೆಂದರೆ ಇಲಿಜ್ವರದ ಭಯ ಇದ್ದೇ ಇದೆ. ಆ ರೋಗಾಣು ಇಲಿಯ ಮೂತ್ರದಿಂದ, ಚರ್ಮದ ಗಾಯಗಳ ಮೂಲಕವೂ ಹರಡುತ್ತದೆ. ರಬ್ಬರ್ ಕೈಗವಸು, ಮಾಸ್ಕ್ ಹಾಕಿಕೊಂಡು, ಒಂದು ಪಾಲು ಮನೆಬಳಕೆಯ ದ್ರವ ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಗೂಡಿನ ಮೇಲೆ ಚಿಮುಕಿಸಿ, ಐದು ನಿಮಿಷ ನೆನೆಯಲು ಬಿಡಿ. ಕಾಯಿಲ್‌ಗೆ ಬೀಳದಂತೆ ಪ್ಲಾಸ್ಟಿಕ್ ಮುಚ್ಚಿರಿ. ಒದ್ದೆ ಗೂಡನ್ನು ಚೀಲದಲ್ಲಿ ಕಟ್ಟಿಹಾಕಿ, ಬ್ಲೀಚ್ ಅಲ್ಯೂಮಿನಿಯಮ್ಮನ್ನು ತಿನ್ನುವುದರಿಂದ ಫಿನ್‌ಗಳನ್ನು ತಡಮಾಡದೆ ಸಾಬೂನು ನೀರಿನ ಬಟ್ಟೆಯಿಂದ ಒರೆಸಿ. ಸಂದಿಯಲ್ಲಿ ಉಳಿದ ನಾರನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಬಹುದು. ನಿಮ್ಮ ಮಾಲಿಯವರು ಈಗಾಗಲೇ ಬರಿಗೈಯಲ್ಲಿ ಫಿಲ್ಟರ್ ಡಬ್ಬಿ ಬಳಿದಿದ್ದರೆ, ಮುಂದಿನ ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡುಬಂದರೆ ಇಲಿ ಗೂಡು ಮುಟ್ಟಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಲಿ. ಅವರಿಗೆ ಇದನ್ನು ಇವತ್ತೇ ತಿಳಿಸಿ.

ಪ್ರಶ್ನೆ: ಮತ್ತೆ ಗೂಡು ಕಟ್ಟದಂತೆ ಇಲಿ ಪಾಷಾಣ ಇಡೋಣ ಎಂದು ಸಮಿತಿಯವರು ಹೇಳುತ್ತಿದ್ದಾರೆ.

ಉತ್ತರ: ನಾನು ಒಪ್ಪುವುದಿಲ್ಲ. ವಿಷ ತಿಂದ ಇಲಿ ಇಂಜಿನ್‌ನೊಳಗೇ ಸತ್ತು ಕೊಳೆಯಬಹುದು. ಅದನ್ನು ತಿಂದ ಬೆಕ್ಕು, ಗೂಬೆಗಳಿಗೂ ಕುತ್ತು. ಗೋಡೆಯಂಚಿನಲ್ಲಿ ಒಣಕೊಬ್ಬರಿ ಸಿಕ್ಕಿಸಿದ ಬೋನು ಸಾಕು. ಪಂಪ್ ರೂಮಿನ ಕಿಂಡಿಗಳಿಗೆ 6 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹಾಕಿಸಿ, ನಾಯಿಗಳಿಗೆಂದು ಇಟ್ಟ ಆಹಾರದ ಚೀಲಗಳಿದ್ದರೆ ಡಬ್ಬಕ್ಕೆ ಸುರಿಯಿರಿ. ನೆಲಮುಟ್ಟುವ ತಾಡಪತ್ರಿ ಹೊದಿಸಬೇಡಿ, ಅದರಡಿ ಇಲಿಗೆ ಬೆಚ್ಚನೆಯ ಮನೆಯಾಗುತ್ತದೆ. ಮುಂದಿನ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಯಂತ್ರವನ್ನು ಬಿಸಿಲಿಗೆಳೆದು, ಸ್ಟಾರ್ಟರ್ ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಲು ಮಾಲಿಯವರಿಗೆ ಹೇಳಿ.