ಜನವರಿ 26, ರಿಯಾಯಿತಿ ಮಾರಾಟ ಮತ್ತು ನಮ್ಮ ಧ್ವಜ

ದೊಡ್ಡಪ್ಪನವರಿಗೂ ಗುಂಪಿನ ಉಳಿದೆಲ್ಲರಿಗೂ ನಮಸ್ಕಾರ. ಟೈಪ್ ಮಾಡುವುದಕ್ಕಿಂತ ಹೇಳಿಬಿಡುವುದೇ ಸುಲಭವೆಂದು ಈ ಧ್ವನಿ ಸಂದೇಶ, ಉದ್ದವಾದರೆ ಸಹಿಸಿಕೊಳ್ಳಿ. ಗಣರಾಜ್ಯೋತ್ಸವದ ಮಾರಾಟದ ಜಾಹೀರಾತನ್ನು ಕಂಡು ದೊಡ್ಡಪ್ಪನವರು, ದುಡ್ಡಿನ ಸೋಂಕಿಲ್ಲದ ದಿನವನ್ನು ವ್ಯಾಪಾರಿಗಳು ಕೆಡಿಸಿದರು ಎಂದು ಬೇಸರಪಟ್ಟಿದ್ದಾರೆ. ಬೇಸರ ನನಗೂ ಇದೆ. ಆದರೆ ಆ ದಿನಕ್ಕೂ ದುಡ್ಡಿಗೂ ಸಂಬಂಧವೇ ಇರಲಿಲ್ಲ ಎಂಬ ಮಾತನ್ನು ಒಪ್ಪಲಾರೆ.

ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26ರಂದು. ಪೌರತ್ವದಂಥ ಕೆಲವು ವಿಧಿಗಳು ಅಂದೇ ಜಾರಿಗೆ ಬಂದರೂ, ಉಳಿದವುಗಳಿಗೆ ಎರಡು ತಿಂಗಳು ಕಾದದ್ದು 1930ರ ಜನವರಿ 26ರ ಗೌರವಾರ್ಥ. 1929ರ ಡಿಸೆಂಬರ್‌ನಲ್ಲಿ ಲಾಹೋರ್‌ನ ರಾವಿ ನದಿಯ ದಡದಲ್ಲಿ, ಜವಾಹರಲಾಲ್ ನೆಹರೂ ಅವರ ಅಧ್ಯಕ್ಷತೆಯಲ್ಲಿ ಸೇರಿದ ಕಾಂಗ್ರೆಸ್ ಪೂರ್ಣ ಸ್ವರಾಜ್ಯವೇ ಗುರಿಯೆಂದು ನಿರ್ಣಯಿಸಿತು; ಮರುತಿಂಗಳ 26ರಂದು ದೇಶದ ಹಲವೆಡೆ ಜನ ಸೇರಿ ಪ್ರತಿಜ್ಞೆ ಸ್ವೀಕರಿಸಿದರು. ನಮ್ಮ ಸರಾಸರಿ ಆದಾಯ ದಿನಕ್ಕೆ ಏಳು ಪೈಸೆ, ಉಪ್ಪಿನ ತೆರಿಗೆಯ ಹೊರೆ ಬಡವರ ಮೇಲೆ, ಕೈನೂಲಿನಂಥ ಗ್ರಾಮೋದ್ಯೋಗಗಳು ನಾಶವಾಗಿ ರೈತರು ವರ್ಷದಲ್ಲಿ ನಾಲ್ಕು ತಿಂಗಳಾದರೂ ಕೆಲಸವಿಲ್ಲದೆ ಕೂರುವಂತಾಗಿದೆ ಎಂಬ ಲೆಕ್ಕಾಚಾರವೆಲ್ಲ ಆ ಪ್ರತಿಜ್ಞೆಯಲ್ಲೇ ಇತ್ತು. ಅಂದು ನೂಲುವುದೇ ಮೊದಲಾದ ರಚನಾತ್ಮಕ ಕೆಲಸ ಮಾಡಿ ಎಂದು ಗಾಂಧೀಜಿ ಸೂಚಿಸಿದ್ದರು. (ಇದನ್ನು ಮಕ್ಕಳಿಗೆ ಹೇಳಬೇಡಿ, ರಜೆಗೆ ಕುತ್ತು ಬಂತೆಂದು ಹೆದರಿಯಾರು.)

ಇನ್ನು ಮಾರಾಟದ ವಿಷಯ. 2006ರಲ್ಲಿ ಬಿಗ್ ಬಜಾರ್ ಎಂಬ ಮಳಿಗೆಗಳ ಸರಣಿ ಇದೇ ದಿನಕ್ಕೆ ‘ಸಬ್‌ಸೆ ಸಸ್ತಾ ದಿನ್’, ಅಂದರೆ ಎಲ್ಲಕ್ಕಿಂತ ಅಗ್ಗದ ದಿನ, ಎಂಬ ಹೆಸರಿಟ್ಟು ಜನರನ್ನು ಸೆಳೆಯಿತು. ಎಲ್ಲರಿಗೂ ಒಟ್ಟಿಗೆ ರಜೆ ಸಿಗುವ ದಿನವನ್ನು ಯಾವ ವ್ಯಾಪಾರಿ ತಾನೇ ಬಿಟ್ಟಾನು? ಆಮೇಲೆ ಆನ್‌ಲೈನ್ ಮಳಿಗೆಗಳು ಅದನ್ನು ಹಲವು ದಿನಗಳಿಗೆ ಹಿಗ್ಗಿಸಿದವು. ಟಿವಿಯೋ ಮೊಬೈಲೋ ಅಗ್ಗವಾಗಿ ಸಿಕ್ಕರೆ ಕೊಳ್ಳುವುದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ.

ನನಗೆ ನೋವಾಗುವುದು ಧ್ವಜದ ವ್ಯಾಪಾರದಲ್ಲಿ. 2002ರ ಜನವರಿ 26ರಿಂದ ಜಾರಿಗೆ ಬಂದ ಧ್ವಜ ಸಂಹಿತೆಯು ಸಾಮಾನ್ಯ ನಾಗರಿಕರೂ ವರ್ಷದ ಯಾವುದೇ ದಿನ ಧ್ವಜ ಹಾರಿಸಬಹುದೆಂದಿತು, ಆದರೆ ಬಟ್ಟೆ ಮಾತ್ರ ಕೈಯಲ್ಲಿ ನೂತು ಕೈಯಲ್ಲೇ ನೇಯ್ದ ಖಾದಿಯಾಗಿರಬೇಕಿತ್ತು. ಹೀಗಾಗಿ ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಧ್ವಜ ಹೊಲಿಯುವ ಹೆಣ್ಣುಮಕ್ಕಳಿಗೂ, ಅದಕ್ಕಾಗಿ ನೂಲುವವರಿಗೂ ನೇಯುವವರಿಗೂ ಒಂದಿಷ್ಟು ಕೂಲಿ ಸಲ್ಲುತ್ತಿತ್ತು. 2021ರ ಡಿಸೆಂಬರ್ 30ರ ತಿದ್ದುಪಡಿ ಪಾಲಿಯೆಸ್ಟರ್‌ಗೂ ಯಂತ್ರದ ಬಟ್ಟೆಗೂ ಒಪ್ಪಿಗೆ ಕೊಟ್ಟಿತು. ಕಡಿಮೆ ಬೆಲೆಯ ಧ್ವಜ ಹೆಚ್ಚು ಮನೆಗಳಿಗೆ ತಲುಪಬಹುದೆಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ನೂಲುವವರ ಕೆಲಸ ಹೋಯಿತೆಂದು ದೂರಿದ ಪ್ರತಿಜ್ಞೆಯ ದಿನದಂದೇ ನೂಲುವವರನ್ನು ಬದಿಗೆ ಸರಿಸಿದ ಧ್ವಜ ಹಾರಿಸುವುದು ನನ್ನ ಮನಸ್ಸಿಗೆ ಒಗ್ಗುತ್ತಿಲ್ಲ.

ಆದ್ದರಿಂದ ದೊಡ್ಡಪ್ಪನವರೇ, ಈ ಸಲ ನಮ್ಮ ಧ್ವಜಾರೋಹಣಕ್ಕೆ ಬೆಂಗೇರಿಯ ಖಾದಿ ಧ್ವಜವನ್ನೇ ತರಿಸೋಣ. ಕಂಬದ ಎತ್ತರವನ್ನು ತಾವು ತಿಳಿಸಿದರೆ ತಕ್ಕ ಅಳತೆಯದನ್ನು ನಾನೇ ವಿಚಾರಿಸುತ್ತೇನೆ. ಖರ್ಚನ್ನು ಎಲ್ಲರೂ ಹಂಚಿಕೊಳ್ಳೋಣ.