ಆರು ವರ್ಷದ ಮಗಳ ಜೊತೆ ಮನೆಯಲ್ಲೇ ಮಾಡಿದ ಗಾಳಿಪಟ ಎಡಕ್ಕೆ ಗಿರಕಿ ಹೊಡೆದು ಬೀಳುತ್ತಿದೆ, ಏನು ಸರಿಮಾಡಬೇಕು?

ಪುಟ್ಟಿಯಪ್ಪ

ಆಷಾಢದ ಗಾಳಿ ಇರುವಾಗಲೇ ಮಗಳ ಕೈಯಿಂದ ಒಂದು ಪಟ ಮಾಡಿಸಿ ಹಾರಿಸಬೇಕು ಅಂತ ಆಸೆ. ಅಂಗಡಿಯದು ಬೇಡ. ಅಂಟು ಹಚ್ಚೋದು, ಬಾಲಂಗೋಚಿ ಹರಿಯೋದು ಎಲ್ಲ ಅವಳೇ ಮಾಡಬೇಕು. ವಯಸ್ಸು ಆರು, ಊರು ಬೆಂಗಳೂರು.

ಈಗ ಕೈಯಲ್ಲಿರುವ ಪಟ ಹೀಗಿದೆ: ನ್ಯೂಸ್‌ಪೇಪರ್, 40 ಸೆಂ.ಮೀ. ಚೌಕ. ತೆಂಗಿನ ಪೊರಕೆಯ ಎರಡು ಕಡ್ಡಿ, ಒಂದು ನೇರ, ಇನ್ನೊಂದು ಬಿಲ್ಲು. ಅಂಟಿಗೆ ಫೆವಿಕಾಲ್. ಬಾಲಂಗೋಚಿ ಒಂದು ಮೀಟರ್, ಹಳೇ ಟವೆಲ್‌ನ ಅಂಚು. ದಾರ ಹಿಡಿದು ಓಡಿದರೆ ಆಳೆತ್ತರ ಏರುತ್ತೆ, ಆಮೇಲೆ ಎಡಕ್ಕೆ ಗಿರಕಿ ಹೊಡೆದು ಮೂಗು ನೆಲಕ್ಕೆ ಕುಟ್ಟುತ್ತೆ. ಪ್ರತಿಸಲವೂ ಎಡಕ್ಕೇ.

ಸೂತ್ರ (ಪಟಕ್ಕೆ ಎರಡು ಕಡೆ ಕಟ್ಟಿ ಹಾರಿಸುವ ದಾರಕ್ಕೆ ಸೇರಿಸುವ ಎಳೆ) ಎಲ್ಲಿ ಕಟ್ಟಬೇಕು, ಎಷ್ಟು ಉದ್ದ ಬಿಡಬೇಕು? ಮಗುವಿನ ಕೈಗೆ ಯಾವ ದಾರ ಕೊಡಬಹುದು? ಮನೆ ಟೆರೇಸ್ ಇದೆ, ಹತ್ತಿರದಲ್ಲಿ ಆಟದ ಮೈದಾನವೂ ಇದೆ, ಎಲ್ಲಿ ಒಳ್ಳೆಯದು? ಮಳೆ ಹಿಡಿದುಕೊಂಡ ದಿನಕ್ಕೆ ಒಳಗೆ ಆಡುವಂಥದ್ದೂ ಒಂದೆರಡು ಹೇಳಿ.

ಸೂತ್ರಧಾರ

ಎಡಕ್ಕೇ ಹೋಗುವುದಕ್ಕೆ ಕಾರಣ ಬಹುತೇಕ ನಿಮ್ಮ ಬಿಲ್ಲಿನ ಕಡ್ಡಿ. ತೆಂಗಿನ ಕಡ್ಡಿ ಬುಡದಲ್ಲಿ ದಪ್ಪ, ತುದಿಯಲ್ಲಿ ಸಪೂರ. ಒಂದೇ ಕಡ್ಡಿಯನ್ನು ಬಗ್ಗಿಸಿದರೆ ತುದಿಯಿರುವ ಕಡೆಯ ರೆಕ್ಕೆ ಮೆತ್ತಗಾಗುತ್ತದೆ. ಗಾಳಿ ತಾಗಿದಾಗ ಅದು ಇನ್ನೊಂದು ರೆಕ್ಕೆಗಿಂತ ಹೆಚ್ಚು ಹಿಂದಕ್ಕೆ ಮಣಿಯುತ್ತದೆ, ಪಟ ಆ ಕಡೆಗೇ ತಿರುಗುತ್ತದೆ. ಹಾರಿಸುವವರ ಕಣ್ಣಿಗೆ ಎಡಗಡೆ ಇರುವುದು ಸಪೂರ ತುದಿಯೇ ಇರಬೇಕು, ನೋಡಿ.

ಒಂದೇ ದಪ್ಪದ ಎರಡು ಕಡ್ಡಿ ತೆಗೆದುಕೊಂಡು, ಒಂದರ ಬುಡಕ್ಕೆ ಇನ್ನೊಂದರ ತುದಿ ಬರುವಂತೆ ಜೋಡಿಸಿ, ನಾಲ್ಕು ಕಡೆ ದಾರ ಸುತ್ತಿ. ಆಮೇಲೆ 72 ಸೆಂ.ಮೀ.ಗೆ ಕತ್ತರಿಸಿ. ಒಣಗಿದ ಪೊರಕೆಯದಾದರೆ ಅರ್ಧ ಗಂಟೆ ನೀರಲ್ಲಿ ನೆನೆಹಾಕಿ, ಬಗ್ಗಿಸುವಾಗ ಲಟಕ್ಕೆಂದು ಮುರಿಯುವುದಿಲ್ಲ. ನೇರ ಕಡ್ಡಿ ಒಂದೇ ಸಾಕು, 56 ಸೆಂ.ಮೀ.; 40ರ ಚೌಕದ ಮೂಲೆಯಿಂದ ಮೂಲೆಗೆ ಇರುವ ಅಳತೆ ಅಷ್ಟೇ. ದಪ್ಪ ತುದಿ ಮೇಲಿರಲಿ.

ಮೊದಲು ನೇರ ಕಡ್ಡಿ ಅಂಟಿಸಿ. ಬಿಲ್ಲಿನ ಸರಿಯಾದ ನಡುವನ್ನು ಬೆರಳ ಮೇಲಿಟ್ಟು ತೂಗಿ ಗುರುತು ಹಾಕಿಕೊಂಡು, ಆ ಗುರುತನ್ನು ನೇರ ಕಡ್ಡಿಗೆ ಮೇಲಿನ ಮೂಲೆಯಿಂದ 10 ಸೆಂ.ಮೀ. ಕೆಳಗೆ ದಾರದಿಂದ ಕಟ್ಟಿ. ಈಗ ನೀವು ಬಿಲ್ಲಿನ ಎರಡು ತುದಿಯನ್ನೂ ಬಗ್ಗಿಸಿ ಪಕ್ಕದ ಮೂಲೆಗಳಿಗೆ ಒತ್ತಿ ಹಿಡಿಯಬೇಕು, ಮಗಳು ಅಂಟು ಹಚ್ಚಿದ ಪೇಪರ್ ತುಂಡನ್ನು ಮೇಲೆ ಮೆತ್ತಬೇಕು. ಒಬ್ಬರಿಂದ ಆಗದ ಕೆಲಸ ಇದೊಂದೇ, ಅದಕ್ಕೇ ಮಗುವಿಗೆ ಕೊಡಲು ಇದೇ ಸರಿಯಾದ ಕೆಲಸ. ಮೂಲೆಗಳನ್ನು ಬಿಟ್ಟು ಬಿಲ್ಲಿನ ನಡುನಡುವೆ ಇನ್ನೂ ಎರಡೆರಡು ತುಂಡು ಸಾಕು. ಉದ್ದಕ್ಕೂ ಅಂಟು ಬಳಿದರೆ ಭಾರ ಹೆಚ್ಚುತ್ತದೆ, ನ್ಯೂಸ್‌ಪೇಪರ್ ಸುಕ್ಕುಗಟ್ಟುತ್ತದೆ. ಮಕ್ಕಳು ಫೆವಿಕಾಲ್ ಧಾರಾಳವಾಗಿ ಸುರಿಯುತ್ತಾರೆ, ಒಂದು ರೆಕ್ಕೆಗೆ ಹೆಚ್ಚು ಬಿದ್ದರೂ ವಾಲುವುದಕ್ಕೆ ಅಷ್ಟೇ ಸಾಕು.

ಸೂತ್ರಕ್ಕೆ ಬನ್ನಿ. ಕಡ್ಡಿಗಳು ಪಟದ ಬೆನ್ನಿಗಿರಲಿ, ಸೂತ್ರ ಕಡ್ಡಿಯಿಲ್ಲದ ನುಣುಪು ಮುಖದ ಕಡೆ ಬರಲಿ. ಕಡ್ಡಿಗಳು ಸೇರುವ ಜಾಗದಲ್ಲಿ ಆಚೆ ಈಚೆ ಎರಡು ತೂತು, ನೇರ ಕಡ್ಡಿಯ ಮೇಲೆ ಅಲ್ಲಿಂದ 30 ಸೆಂ.ಮೀ. ಕೆಳಗೆ ಇನ್ನೆರಡು ತೂತು. ತೂತು ಮಾಡುವ ಮೊದಲು ಅಲ್ಲೊಂದು ಪೇಪರ್ ತುಂಡು ಅಂಟಿಸಿದರೆ ಹರಿಯುವುದಿಲ್ಲ. ದಾರ ಎರಡೂ ಕಡೆ ಕಡ್ಡಿಯನ್ನು ಸುತ್ತಿ ಬರಲಿ. ಎರಡೂ ಎಳೆ ಸೇರಿಸಿ ಗಂಟು ಹಾಕುವಾಗ ಮೇಲಿನದು 30 ಸೆಂ.ಮೀ., ಕೆಳಗಿನದು 32. ಈ ಎರಡು ಸೆಂಟಿಮೀಟರ್ ಇರುವುದರಿಂದಲೇ ಪಟ ಗಾಳಿಗೆ ತಲೆ ಸ್ವಲ್ಪ ಮುಂದೆ ಬಾಗಿಸಿ ನಿಲ್ಲುವುದು. ಗಂಟನ್ನು ಮೇಲಕ್ಕೆ ಸರಿಸಿದರೆ ಜೋರು ಗಾಳಿಗೆ, ಕೆಳಕ್ಕೆ ಸರಿಸಿದರೆ ಮೆಲುಗಾಳಿಗೆ. ಒಂದು ಸಲಕ್ಕೆ ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ಸರಿಸಬೇಡಿ.

ಗಂಟು ಹಿಡಿದು ಪಟವನ್ನು ಮನೆಯೊಳಗೇ ತೂಗುಬಿಡಿ. ಯಾವ ರೆಕ್ಕೆ ತಗ್ಗುತ್ತದೋ ಅದರ ಎದುರು ರೆಕ್ಕೆಯ ಮೂಲೆಗೆ ಬೆರಳಗಲದ ಪೇಪರ್ ಚೂರು ಅಂಟಿಸಿ. ಸಮವಾಗುವವರೆಗೆ ಚೂರು ಸೇರಿಸುತ್ತ ಹೋಗುವುದು ಮಗಳ ಪಾಲಿನ ಕೆಲಸ. ತಕ್ಕಡಿ ಯಾವ ಕಡೆ ತಗ್ಗಿದೆ ಎಂದು ಹೇಳುವುದು ಆರು ವರ್ಷಕ್ಕೆ ಚೆನ್ನಾಗಿಯೇ ಬರುತ್ತದೆ.

ಟವೆಲ್ ಅಂಚು ತೆಗೆದುಬಿಡಿ. ಬಾಲಂಗೋಚಿ ಪಟವನ್ನು ನೆಟ್ಟಗೆ ನಿಲ್ಲಿಸುವುದು ತನ್ನ ಭಾರದಿಂದಲ್ಲ, ಗಾಳಿಯಲ್ಲಿ ಎಳೆಯುವುದರಿಂದ. ಆದ್ದರಿಂದ ಹಗುರವಾಗಿ ಉದ್ದವಾಗಿರಬೇಕು: ಈ ಅಳತೆಯ ಪಟಕ್ಕೆ ಮೂರರಿಂದ ನಾಲ್ಕು ಮೀಟರ್, ಎರಡು ಬೆರಳಗಲ. ಹಳೇ ಪಂಚೆ ಅಥವಾ ವಾಯಿಲ್ ಸೀರೆ ಒಳ್ಳೆಯದು. ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ ಕೊಟ್ಟರೆ ಮಗು ಪರ್ ಅಂತ ಹರಿಯುತ್ತದೆ.

ಕೊನೆಗೆ, ಓಡಬೇಡಿ. ಓಡಬೇಕಾಗಿದೆ ಎಂದರೆ ಗಾಳಿ ಸಾಲದು ಅಥವಾ ಪಟ ಭಾರ. ನ್ಯೂಸ್‌ಪೇಪರ್ ಪಟಕ್ಕೆ ಮರದ ಎಲೆಗಳೂ ಸಣ್ಣ ರೆಂಬೆಗಳೂ ಬಿಡದೆ ಅಲುಗಾಡುವಷ್ಟು ಗಾಳಿ ಬೇಕು. ಈ ತಿಂಗಳಲ್ಲಿ ಬೆಂಗಳೂರಿಗೆ ಗಾಳಿ ಪಶ್ಚಿಮದಿಂದ ಬರುತ್ತದೆ, ಹಾಗಾಗಿ ನೀವು ಪಶ್ಚಿಮಕ್ಕೆ ಬೆನ್ನು ಮಾಡಿ ನಿಂತು ಇಪ್ಪತ್ತು ಹೆಜ್ಜೆ ದಾರ ಬಿಡಿ. ಆ ತುದಿಯಲ್ಲಿ ಮಗಳು ಪಟವನ್ನು ತಲೆ ಮೇಲೆ ನೆಟ್ಟಗೆ ಹಿಡಿದಿರಲಿ. ಗಾಳಿ ಬೀಸಿದಾಗ "ಬಿಡು" ಅನ್ನಿ. ಅವಳು ಎಸೆಯಬಾರದು, ಸುಮ್ಮನೆ ಕೈ ಬಿಡಬೇಕು. ನೀವು ಒಂದೆರಡು ಮೊಳ ದಾರ ಎಳೆದುಕೊಂಡರೆ ಏರುತ್ತದೆ. ಕಟ್ಟಡಗಳ ಮಗ್ಗುಲಲ್ಲಿ ಗಾಳಿ ಸುಳಿ ಸುತ್ತುತ್ತದೆ, ಮೈದಾನದ ನಡುವಿಗೆ ಹೋಗಿ. ಟೆರೇಸ್ ಬೇಡವೇ ಬೇಡ. ಪಟ ಹಾರಿಸುವವರು ಮೇಲೆ ನೋಡುತ್ತಾ ಹಿಂದಕ್ಕೆ ಹೆಜ್ಜೆ ಇಡುತ್ತಾರೆ, ಅಪ್ಪಂದಿರೂ ಅಷ್ಟೇ.

ಕಿರಿಕ್ ಗಂಗಾಧರ

ಇಷ್ಟೆಲ್ಲ ಯಾಕೆ ಸಾರ್? ಅಂಗಡಿಯಲ್ಲಿ ಚೆಂದದ ಬಣ್ಣದ ಪಟ ಸಿಗುತ್ತೆ, ತಂದು ಹಾರಿಸಿ.

ಸೂತ್ರಧಾರ

ಸಿಗುತ್ತದೆ, ಆದರೆ ಅದರಲ್ಲಿ ಹೆಚ್ಚಿನವು ಗುಜರಾತಿನ ಉತ್ತರಾಯಣ ಗಾಳಿಪಟ ಹಬ್ಬದ ಮಾದರಿಯ ಕಾಳಗದ ಪಟಗಳು. ಅವಕ್ಕೆ ಬಾಲಂಗೋಚಿ ಇಲ್ಲ. ದಾರ ಸಡಿಲ ಬಿಟ್ಟರೆ ಸುತ್ತಬೇಕು, ಎಳೆದರೆ ಮೂಗು ತೋರಿಸಿದ ಕಡೆಗೆ ನುಗ್ಗಬೇಕು, ಹಾಗೆಂದೇ ಮಾಡಿರುತ್ತಾರೆ. ಇನ್ನೊಬ್ಬರ ದಾರ ಕತ್ತರಿಸಲು ಆ ಚಂಚಲತೆ ಬೇಕು, ಮಗುವಿನ ಕೈಗೆ ಅದೇ ಕಷ್ಟ. ತಂದೇಬಿಟ್ಟಿದ್ದರೆ ಕೆಳಗಿನ ಮೂಲೆಗೆ ಎರಡು ಮೀಟರ್ ಹಗುರ ಬಾಲಂಗೋಚಿ ಕಟ್ಟಿ, ಸಾಧುವಾಗುತ್ತದೆ.

ಹುಬ್ಬಳ್ಳಿ ಗಾಳಿ

ದಾರದ ಮಾತು ಯಾರೂ ಎತ್ತಲಿಲ್ಲ ನೋಡ್ರಿ. ಸಣ್ಣ ಕೂಸಿನ ಕೈಗೆ ಮಾಂಜಾ (ಗಾಜಿನ ಪುಡಿ ಮೆತ್ತಿದ ದಾರ) ಬ್ಯಾಡ್ರಿ, ಯಾವ ನಮೂನಿದೂ ಬ್ಯಾಡ. ನೈಲಾನ್ ಮಾಂಜಾಕ್ಕಂತೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಾಗನ ದೇಶಕ್ಕೆಲ್ಲಾ ನಿಷೇಧ ಹಾಕೇದ. ಅದು ಹರಿಯೂದಿಲ್ಲ, ಕೊಳಿಯೂದಿಲ್ಲ, ಗಿಡದಾಗ ಸಿಕ್ಕೊಂಡು ಹಕ್ಕಿ ರೆಕ್ಕಿ ಕೊಯ್ತದ, ಬೈಕಿನವರ ಕುತ್ತಿಗಿ ಕೊಯ್ತದ. ನಿಮಗ ಕೌದಿ ಹೊಲಿಯೋ ಹತ್ತಿ ದಾರ ಸಾಕು. ಅದು ಸಿಗಲಿಲ್ಲಂದ್ರ ಹೊಲಿಗಿ ದಾರ ಎರಡೆಳಿ ಕೂಡಿಸಿ ಹೊಸೆದು ಮಾಡ್ರಿ. 30 ಮೀಟರಿಗಿಂತ ಹೆಚ್ಚು ಸುತ್ತಬ್ಯಾಡ್ರಿ, ಕೂಸಿಗೆ ಅಷ್ಟು ಎತ್ತರ ಭಾಳ ಆತು.

ಹತ್ತಿ ದಾರನೂ ರಭಸದಿಂದ ಓಡಿದ್ರ ಬೆರಳ ಸುಲೀತದ. ಅದಕ್ಕ ಒಂದು ಗೇಣುದ್ದದ ದಪ್ಪ ಕೋಲಿಗೆ ದಾರ ಸುತ್ತಿ ಕೊಡ್ರಿ, ಎರಡೂ ಕೈಯಿಂದ ಕೋಲು ಹಿಡೀಲಿ. ದಾರದ ಕೊನಿ ಕೋಲಿಗೆ ಗಟ್ಟಿ ಕಟ್ಟಿರಬೇಕು. ಆದರ ಕೋಲನ್ನ ಕೂಸಿನ ಕೈಗೆ, ಸ್ವಂಟಕ್ಕ ಕಟ್ಟಬ್ಯಾಡ್ರಿ. ಪಟ ಸ್ಥಿರ ನಿಂತ ಮ್ಯಾಲೆ ಕೈಗೆ ಕೊಡ್ರಿ, ಏರೂ ಮುಂದ ಬ್ಯಾಡ.

ಕರೆಂಟಿನ ತಂತಿಗೆ ಸಿಕ್ಕರ ಪಟ ಹೋತು ಅಂತ ತಿಳೀರಿ. ಕೋಲು ಹಾಕಿ ಎಳಿಯೂದು, ಕಲ್ಲು ಒಗಿಯೂದು ಏನೂ ಮಾಡಬ್ಯಾಡ್ರಿ. ಮಳಿಗೆ ತೊಯ್ದ ದಾರದಾಗ ಕರೆಂಟ್ ಹರೀತದ. ತಂತಿ ಜೋತಾಡ್ತಿದ್ರ 1912ಕ್ಕ ಫೋನ್ ಮಾಡ್ರಿ, ಬೆಸ್ಕಾಂ, ಹೆಸ್ಕಾಂ ಎರಡಕ್ಕೂ ಅದೇ ನಂಬರ. ಇದನ್ನ ಪಟ ಹಾರಸೂ ಮೊದಲನ ಕೂಸಿಗೆ ಹೇಳಿಡ್ರಿ, ಸಿಕ್ಕೊಂಡ ಮ್ಯಾಲೆ ಅಳು ಶುರು ಆದ್ರ ಮಾತು ಕೇಳೂದಿಲ್ಲ.

ಅಂಟಿಗೆ ಫೆವಿಕಾಲ್ ಯಾಕ? ಬಿಸಿ ಅನ್ನದ ಅಗುಳು ನಾಕು ತಿಕ್ಕಿದ್ರ ಆತು. ಇಲ್ಲಾ ಎರಡು ಚಮಚ ಮೈದಾಕ್ಕ ಅರ್ಧ ಲೋಟ ತಣ್ಣೀರು, ಗಂಟಿಲ್ಲಧಂಗ ಕಲಸಿ ಸಣ್ಣ ಉರಿ ಮ್ಯಾಲೆ ತಿರುವ್ರಿ, ಬಿಳುಪು ಹೋಗಿ ಗಾಜಿನಂಗ ಆದ ಕೂಡಲೆ ಇಳಸ್ರಿ. ಹಳೇ ಮಂದಿ ಹುಳ ಹಿಡೀಬಾರದಂತ ಇದಕ್ಕ ಮೈಲುತುತ್ತ ಹಾಕ್ತಿದ್ರು. ಅದು ವಿಷ, ಮಕ್ಕಳು ಬೆರಳು ಬಾಯಿಗಿಡ್ತಾವ, ಹಾಕಬ್ಯಾಡ್ರಿ. ಅವತ್ತಿಂದು ಅವತ್ತೇ ಮಾಡಿ ಉಳಿದದ್ದು ಚೆಲ್ಲಿಬಿಡ್ರಿ.

ಪುಟ್ಟಿಯಪ್ಪ

ಎಲ್ಲರಿಗೂ ಥ್ಯಾಂಕ್ಸ್. ಜೋಡಿ ಕಡ್ಡಿ ಹಾಕಿ, ಪಂಚೆಯ ಬಾಲಂಗೋಚಿ ಕಟ್ಟಿದ ಮೇಲೆ ಗಿರಕಿ ನಿಂತಿದೆ. ಈಗ ದಾರ ಬಿಗಿಯಾಗಿ ಎಳೆಯುತ್ತೆ, ಆದರೆ ಪಟ ಮೇಲೇರದೆ ದೂರದಲ್ಲಿ ತಗ್ಗಾಗೇ ನಿಲ್ಲುತ್ತೆ. ಬಾಲಂಗೋಚಿ ಕಡಿಮೆ ಮಾಡಲಾ?

ಸೂತ್ರಧಾರ

ಬಾಲಂಗೋಚಿ ಮುಟ್ಟಬೇಡಿ, ಮೊದಲು ಗಂಟು ಸರಿಸಿ. ಎಳೆತ ಜೋರು, ಎತ್ತರ ಇಲ್ಲ ಎಂದರೆ ಪಟ ಗಾಳಿಗೆ ಎದೆಯೊಡ್ಡಿ ನಿಂತಿದೆ, ಗಂಟು ಕೆಳಗೆ ಜಾಸ್ತಿ ಹೋಗಿದೆ ಅಂತ ಅರ್ಥ. ಮೂಗಿನ ಕಡೆಗೆ ಅರ್ಧ ಸೆಂಟಿಮೀಟರ್ ಸರಿಸಿ ನೋಡಿ, ಸಾಲದಿದ್ದರೆ ಇನ್ನರ್ಧ. ಮೇಲೆ ಜಾಸ್ತಿಯಾದರೆ ಉಲ್ಟಾ ಲಕ್ಷಣ ಕಾಣುತ್ತದೆ: ದಾರ ಸಡಿಲ, ಪಟ ಪಟಪಟ ಬಡಿದುಕೊಂಡು ಮುಂದಕ್ಕೆ ಮುಗ್ಗರಿಸುತ್ತದೆ. ಆಗ ಸ್ವಲ್ಪ ಹಿಂದಕ್ಕೆ. ದಾರವೂ ಬಿಗಿಯಿಲ್ಲ, ಪಟವೂ ಏರುತ್ತಿಲ್ಲ ಎಂದಾಗ ಮಾತ್ರ ಬಾಲಂಗೋಚಿಯಿಂದ ಒಂದೊಂದು ಮೊಳ ಕತ್ತರಿಸಿ. ಗಂಟು ಜಾರುವ ಹಾಗಿದ್ದರೆ ಒಳ್ಳೆಯದು, ಹಾಗಾಗಿ ಸೂತ್ರದಲ್ಲಿ ಕುಣಿಕೆ ಮಾಡಿ ಅದಕ್ಕೆ ದಾರ ಕಟ್ಟಬೇಡಿ. ದಾರವನ್ನೇ ಸೂತ್ರಕ್ಕೆ ಎರಡು ಸುತ್ತು ಸುತ್ತಿ ಬಿಗಿದರೆ ಉಗುರಲ್ಲಿ ತಳ್ಳಿ ಸರಿಸಬಹುದು.

ತುಂತುರು ಬಿದ್ದರೆ ನ್ಯೂಸ್‌ಪೇಪರ್ ಮುಗಿಯಿತು, ಒದ್ದೆಯಾದದ್ದನ್ನು ಒಣಗಿಸಿದರೂ ಸೊಟ್ಟಗಾಗುತ್ತದೆ. ಡ್ರೈಕ್ಲೀನಿಂಗ್‌ನವರು ಬಟ್ಟೆ ಮೇಲೆ ಹೊದಿಸಿ ಕೊಡುವ ತೆಳು ಪ್ಲಾಸ್ಟಿಕ್ಕಿನಲ್ಲಿ ಇದೇ ಅಳತೆಗೆ ಇನ್ನೊಂದು ಮಾಡಿಡಿ, ಅಂಟಿನ ಬದಲು ಸೆಲ್ಲೋ ಟೇಪ್. ಉಳಿದ ಪ್ಲಾಸ್ಟಿಕ್ ಚಿಕ್ಕ ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಡಿ.

ಕಟ್ಟೆಮನೆ

ಮಳೆ ದಿನಕ್ಕೆ ಚೌಕಾಬಾರ. ಬಳಪದಲ್ಲಿ ನೆಲದ ಮೇಲೆ ಐದಕ್ಕೈದು ಮನೆ ಬರೆದು, ನಾಲ್ಕೂ ಬದಿಯ ನಡುಮನೆಗೆ ಮತ್ತು ಸರಿಯಾದ ನಡುವಿನ ಮನೆಗೆ ಕತ್ತರಿ ಗುರುತು ಹಾಕಿ. ಅಲ್ಲಿ ಕೂತ ಕಾಯಿಯನ್ನು ಹೊಡೆಯುವಂತಿಲ್ಲ. ಕವಡೆ ನಾಲ್ಕು: ಬಾಯಿ ಮೇಲಾಗಿ ಎಷ್ಟು ಬಿದ್ದವೋ ಅಷ್ಟು ಮನೆ ನಡೆಯಬೇಕು, ನಾಲ್ಕೂ ಮೇಲಾದರೆ ಚೌಕ, ಅಂದರೆ ನಾಲ್ಕು, ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಇವೆರಡಕ್ಕೂ ಇನ್ನೊಂದು ಸಲ ಹಾಕಬಹುದು. ಕವಡೆ ಇಲ್ಲದಿದ್ದರೆ ಹುಣಸೆ ಬೀಜದ ಒಂದು ಮೈಯನ್ನು ಒರಟು ಕಲ್ಲಿಗೆ ಬೆಳ್ಳಗಾಗುವವರೆಗೆ ತಿಕ್ಕಿ. ತಿಕ್ಕಿದ ಬೀಜ ಚುರುಕ್ ಅನ್ನುವಷ್ಟು ಬಿಸಿಯಾಗುತ್ತೆ, ಅದನ್ನು ಪಕ್ಕದವರ ಕೈಗೆ ಒತ್ತುವ ವಿದ್ಯೆ ಮಗಳಿಗೆ ನೀವು ಕಲಿಸದಿದ್ದರೂ ಬರುತ್ತೆ.

ಹೊರಸುತ್ತಿನ ಹದಿನಾರು ಮನೆ ಒಂದು ದಿಕ್ಕಿಗೆ, ಒಳಸುತ್ತಿನ ಎಂಟು ಮನೆ ಅದರ ಎದುರು ದಿಕ್ಕಿಗೆ, ಆಮೇಲೆ ನಡುಮನೆಗೆ ಹೋದರೆ ಕಾಯಿ ಹಣ್ಣು. ಮಕ್ಕಳು ತಪ್ಪುವುದು ಈ ತಿರುಗುವ ಜಾಗದಲ್ಲೇ, ಅಲ್ಲೊಂದು ಬಾಣ ಬರೆದಿಡಿ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಾರದು ಅನ್ನೋ ನಿಯಮ ಈಗಲೇ ಬೇಡ, ಆಟ ಮುಗಿಯೋದೇ ಇಲ್ಲ. ನಾಲ್ಕು ಕಾಯಿಯ ಬದಲು ಎರಡೆರಡು ಸಾಕು.

ಕಾಗದದ ದೋಣಿಗೆ ನ್ಯೂಸ್‌ಪೇಪರ್ ಬೇಡ, ಬೇಗ ನೀರು ಹೀರಿ ಕೂತುಬಿಡುತ್ತೆ. ಹಳೇ ಕ್ಯಾಲೆಂಡರಿನ ನುಣುಪು ಹಾಳೆ, 20ಕ್ಕೆ 30 ಸೆಂ.ಮೀ., ತಳಕ್ಕೆ ಮೇಣದಬತ್ತಿ ಉಜ್ಜಿ. ರಸ್ತೆ ಮೋರಿಯಲ್ಲಿ ಬಿಡಬೇಡಿ, ಅಂಗಳದ ನೀರು ಅಥವಾ ಬಟ್ಟೆ ನೆನೆಹಾಕುವ ಟಬ್ ಸಾಕು.

ಲೆಸ್ಟರ್ ಕನ್ನಡಿಗ

ಇಂಗ್ಲೆಂಡಿನಲ್ಲಿ ಓದುತ್ತಿರುವವರಿಗೆ: ಇಲ್ಲಿ ತೆಂಗಿನ ಕಡ್ಡಿ ಹುಡುಕುವ ಬದಲು ಬಿದಿರು ಸಿಗುತ್ತದಾ ನೋಡಿ. ತೋಟದ ಸಾಮಾನಿನ ಅಂಗಡಿಯ ಸಪೂರ ಬಿದಿರು ಕೋಲನ್ನು ಉದ್ದಕ್ಕೆ ಸೀಳಿ, 2-3 ಮಿ.ಮೀ. ದಪ್ಪಕ್ಕೆ ಹೆರೆದರೆ ಬಿಲ್ಲಿಗೆ ಆಗುತ್ತದೆ. ಗಂಟಿರುವ ಜಾಗ ಬಗ್ಗುವುದಿಲ್ಲ, ಅದು ನಡುವಿಗೆ ಬರುವ ಹಾಗೆ ಕತ್ತರಿಸಿ. ಅಡುಗೆಗೆ ಬರುವ ಬಿದಿರು ಕಡ್ಡಿಗಳನ್ನು ಜೋಡಿಸಿದರೆ ಜೋಡಣೆಯಲ್ಲೇ ಮುರಿಯುತ್ತದೆ. ಪಟ 60 ಮೀಟರ್‌ಗಿಂತ ಮೇಲೆ ಹೋಗಬಾರದು ಅನ್ನುವುದು ಇಲ್ಲಿನ ಕಾನೂನು, ವಿಮಾನ ನಿಲ್ದಾಣದ ಹತ್ತಿರವಾದರೆ 30. ಮೇಲೆ ಹೇಳಿದ 30 ಮೀಟರ್ ದಾರ ಇಟ್ಟುಕೊಂಡರೆ ಆ ಲೆಕ್ಕ ನೋಡುವ ಪ್ರಮೇಯವೇ ಬರುವುದಿಲ್ಲ.