‘ಡೇರ್ ಕ್ಲೌಡ್’ ಪುಲ್ಲಿಂಗವೇ?

ಜರ್ಮನ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಪುಟದಲ್ಲಿ ‘ಇನ್ ಡೀ ಕ್ಲೌಡ್’ ಎಂದೂ ‘ಇನ್ ಡೇರ್ ಕ್ಲೌಡ್’ ಎಂದೂ ಇತ್ತು. ನಾಮಪದಕ್ಕೆ ಮೊದಲು ಬರುವ ಪುಟ್ಟ ಪದಗಳಲ್ಲಿ ‘ಡೀ’ ಸ್ತ್ರೀಲಿಂಗಕ್ಕೆ, ‘ಡೇರ್’ ಪುಲ್ಲಿಂಗಕ್ಕೆ ಎಂದು ಮೊದಲ ಪಾಠದಲ್ಲೇ ಕಲಿತ ನನ್ನ ಗೆಳತಿ ಎರಡನೆಯದನ್ನು ಅಚ್ಚಿನ ತಪ್ಪೆಂದಳು.

ಎರಡೂ ಸರಿ. ಕಡತವನ್ನು ಕ್ಲೌಡಿಗೆ ಏರಿಸುವಾಗ ಜರ್ಮನ್‌ನಲ್ಲಿ ದ್ವಿತೀಯೆ, ಆದ್ದರಿಂದ ‘ಡೀ’. ಕಡತ ಕ್ಲೌಡಿನಲ್ಲಿ ಇರುವಾಗ ಚತುರ್ಥಿ, ಆದ್ದರಿಂದ ‘ಡೇರ್’. ಷಷ್ಠಿಯಲ್ಲೂ ‘ಡೇರ್’ ಎಂದೇ. ಏಕವಚನದಲ್ಲಿ ಸ್ತ್ರೀಲಿಂಗದ ನಾಮಪದ ತಾನು ಕದಲುವುದಿಲ್ಲ. ವಿಭಕ್ತಿಯ ಭಾರವನ್ನೆಲ್ಲ ಅದಕ್ಕೆ ಮೊದಲು ಬರುವ ಪುಟ್ಟ ಪದ ಹೊರುತ್ತದೆ. ಪುಲ್ಲಿಂಗದ ಕಂಪ್ಯೂಟರ್ ಹಾಗಲ್ಲ: ಷಷ್ಠಿಯಲ್ಲಿ ‘ಡೆಸ್ ಕಂಪ್ಯೂಟರ್ಸ್’, ಬಹುವಚನದ ಚತುರ್ಥಿಯಲ್ಲಿ ‘ಡೇನ್ ಕಂಪ್ಯೂಟರ್ನ್’ ಎಂದು ಅಪ್ಪಟ ಜರ್ಮನ್ ಪದದಂತೆ ಬಾಲ ಪಡೆಯುತ್ತದೆ. ಕ್ಲೌಡ್ ಬಹುವಚನದಲ್ಲಿ ‘ಕ್ಲೌಡ್ಸ್’ ಆದ ಮೇಲೆ ಯಾವ ವಿಭಕ್ತಿಗೂ ಜಗ್ಗುವುದಿಲ್ಲ.

ಎರವಲು ಪದಕ್ಕೆ ಲಿಂಗ ಬರುವುದು ಹೆಚ್ಚಾಗಿ ಸ್ವಂತ ಪದದ ನೆರಳಿನಿಂದ. ಮೋಡಕ್ಕೆ ಜರ್ಮನ್‌ನಲ್ಲಿ ‘ವೊಲ್ಕೆ’, ಸ್ತ್ರೀಲಿಂಗ. ಹಾಗಾಗಿ ಕ್ಲೌಡ್ ಕೂಡ. ಸಾಫ್ಟ್‌ವೇರ್, ಹಾರ್ಡ್‌ವೇರ್‌ಗಳಿಗೆ ಸರಕು ಎಂಬರ್ಥದ ಸ್ತ್ರೀಲಿಂಗದ ‘ವಾರೆ’ ದಾರಿ ತೋರಿತು. ಇ-ಮೇಲ್‌ಗೆ ಅಂಚೆಯ ‘ಪೋಸ್ಟ್’, ಅದೂ ಸ್ತ್ರೀಲಿಂಗ, ಜೊತೆಯಾಯಿತು. ಆದರೆ ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ದಕ್ಷಿಣ ಜರ್ಮನಿಗಳಲ್ಲಿ ಅದು ನಪುಂಸಕವಾಗಿಯೂ ನಡೆಯುತ್ತದೆ; ಅಲ್ಲಿ ‘ಇನ್ ಡೇರ್ ಇ-ಮೇಲ್’ ಬದಲು ‘ಇಮ್ ಇ-ಮೇಲ್’ (‘ಇನ್ ಡೇಮ್’ ಕೂಡಿ ‘ಇಮ್’) ಎಂದು ಕಂಡರೆ ಯಾರೂ ತಿದ್ದಬಾರದು. ನಡುವಿನ ಅಡ್ಡಗೆರೆಯನ್ನು ಮಾತ್ರ ಕಾಪಾಡಿಕೊಳ್ಳಬೇಕು: ಗೆರೆಯಿಲ್ಲದೆ ಬರೆದರೆ ಅದೇ ಅಕ್ಷರಗಳು ಪಾತ್ರೆಯ ಮೇಲಿನ ಎನಾಮಲ್ ಲೇಪನದ ಹೆಸರಾಗುತ್ತವೆ.

ಕನ್ನಡದಲ್ಲಿ ಇವೆಲ್ಲ ನಪುಂಸಕ. ಕ್ಲೌಡನ್ನು, ಕ್ಲೌಡಿಗೆ, ಕ್ಲೌಡಿನ, ಕ್ಲೌಡಿನಲ್ಲಿ ಎಂದು ನಮ್ಮ ಪದ ಬಾಲದಲ್ಲಿ ಬದಲಾಗುತ್ತದೆ, ಅವರದು ತಲೆಯಲ್ಲಿ. ಇದನ್ನು ಗೆಳತಿಗೆ ಹೇಳಿದಾಗ ಗೊಂದಲ ತಟ್ಟನೆ ಕರಗಿತು.

ಈಗ ನನ್ನ ಪ್ರಶ್ನೆ. ಡೇರ್, ಡೀ, ನಪುಂಸಕದ ಡಾಸ್‌ಗಳಿಗೆ ಕನ್ನಡದಲ್ಲಿ ಏನೆನ್ನೋಣ? ‘ಉಪಪದ’ ಎಂದರೆ ಸಂಸ್ಕೃತದ ಉಪಪದ ಸಮಾಸ ನೆನಪಾಗುತ್ತದೆ. ‘ಲಿಂಗಸೂಚಿ’ ಎಂದು ಬರೆದುಕೊಂಡಿದ್ದೆ. ಆದರೆ ಗೆಳತಿಯನ್ನು ದಾರಿ ತಪ್ಪಿಸಿದ್ದು ಈ ಪದ ಲಿಂಗವನ್ನಷ್ಟೇ ಸೂಚಿಸುತ್ತದೆ ಎಂಬ ತಿಳಿವಳಿಕೆಯೇ. ಲಿಂಗ, ವಚನ, ವಿಭಕ್ತಿ ಮೂರನ್ನೂ ಅದು ಒಟ್ಟಿಗೆ ಸೂಚಿಸುತ್ತದೆ. ‘ಮುನ್ಸೂಚಿ’ ಎಂದರೆ ಹೊಂದೀತೇ, ಹವಾಮಾನ ಮುನ್ಸೂಚನೆಯ ಛಾಯೆ ಅಡ್ಡ ಬಂದೀತೇ?